ಎಡಗಡೆಯ ಹೆಲಿಕಾಪ್ಟರ್

ಪೆಟ್ಟಿಗೆ ಹದಿಮೂರು ಕಿಲೊ. ಮಲ್ಪೆ ಕೊಳದ ಆ ಓಣಿಗೆ
ನಮ್ಮ ಅಂಗಡಿಯ ಓಮ್ನಿ ನುಗ್ಗುವುದಿಲ್ಲ.
ಹೆಗಲ ಮೇಲೆ ಹೊತ್ತೇ ನಡೆದೆ. ಬೋಟುಗಳಿಗೆ ರಜೆಯ ಜೂನ್,
ಜಗಲಿ ಜಗಲಿಯಲ್ಲೂ ಬಲೆ, ಬಲೆಯ ಕೆಳಗೆ ಕಾಲು ನೀಡಿದ ಗಂಡಸರು.
'ಎಂತದು ಮಾರಾಯ, ಫ್ರಿಜ್ಜಾ?'
ರಿಸೀವರ್, ಅಂದೆ. ಹೊಸ ಮಾಡೆಲು. ಶೀನ ಪುತ್ರನ್‌ರ ಮನೆಗೆ.
ಒಬ್ಬ ಸೂಜಿ ನಿಲ್ಲಿಸಿದ. 'ಅವರಿಗೆ ಕಿವಿ ಕೇಳುವುದಿಲ್ಲ ಅಲ್ಲವಾ?'

ಅರ್ಧ ಕೇಳುತ್ತದೆ.
ಎಡಗಿವಿಯನ್ನು ಇಪ್ಪತ್ತೊಂಬತ್ತು ವರ್ಷ ಇಂಜಿನು ತಿಂದದ್ದು,
ಸ್ಟಿಯರಿಂಗ್ ಹಿಡಿದು ನಿಂತರೆ ಸೈಲೆನ್ಸರು ಎಡಕ್ಕೇ ಅಂತೆ.
ಇದನ್ನು ಅವರು ಹೇಳಲಿಲ್ಲ. ಕಲ್ಯಾಣಿಯಕ್ಕ ಹೇಳಿದ್ದು, ಚಹಾ ಕೊಡುವಾಗ,
ಗಂಡನ ಎಡಬದಿಗೆ ನಿಂತು,
ದನಿ ತಗ್ಗಿಸದೆ.

ಒಂಬತ್ತು ಸ್ಪೀಕರು. ಎರಡು ಪಕಾಸಿಗೆ ನೇತು.
ಡ್ರಿಲ್ಲಿಗೆ ಮುರಕಲ್ಲಿನ ಕೆಂಪು ಹುಡಿ ಉದುರಿದಾಗಲೆಲ್ಲ
ಅಕ್ಕ ಹಿಡಿಸೂಡಿ ಹಿಡಿದು ಬಂದರು.
ಪುತ್ರನ್‌ರೂ ಸುಮ್ಮನೆ ಕೂರಲಿಲ್ಲ;
ವಯರಿಗೆ ನಾನು ಹಾಕಿದ ಗಂಟು ಬಿಚ್ಚಿ ತಮ್ಮದೊಂದು ಹಾಕಿದರು.
ಈಗಲೂ ಹಾಗೇ ಉಂಟು.

ಆಮೇಲೆ ಮೈಕು. ಗುಬ್ಬಚ್ಚಿಯ ತಲೆಯಷ್ಟು.
ಕೇಳುವವರ ಕಿವಿಯ ಎತ್ತರಕ್ಕೆ ಅದನ್ನು ನಿಲ್ಲಿಸಿ
ಎಲ್ಲರೂ ಬಾಯಿ ಮುಚ್ಚಬೇಕು. ಪರದೆಯ ಮೇಲೆ ಬರೆದು ಬರುತ್ತದೆ,
ನಿಶ್ಶಬ್ದವಾಗಿರಿ ಅಂತ.
ಮಲ್ಪೆಯಲ್ಲಿ!
ಐಸ್ ಪ್ಲಾಂಟಿನ ಗುಂಯ್, ಕಾಗೆ, ಪಕ್ಕದ ಮನೆಯ ಕುಕ್ಕರು,
ಮೂರು ಸಲ ಯಂತ್ರ ಮುನಿದು ಮೊದಲಿನಿಂದ ಶುರುಮಾಡಿತು.
ನಾಲ್ಕನೇ ಸಲ ಒಪ್ಪಿತು. ಮೂಲೆ ಮೂಲೆಯಿಂದ
ಟುಪ್, ಟುಪ್, ಆಮೇಲೆ ಒಂದು ಉದ್ದದ ಊಊಪ್,
ಬಾವಿಗೆ ಕಲ್ಲು ಹಾಕಿ ಆಳ ನೋಡಿದ ಹಾಗೆ.

ಲೆಕ್ಕ ಬಂತು. ಮುಂದಿನ ಎಡ: ಎರಡು ಮೀಟರು ಎಪ್ಪತ್ತು. ಸರಿ.
ಹಿಂದಿನ ಬಲ: ಒಂದು ತೊಂಬತ್ತು. ಸರಿ.
ವೂಫರು: ಆರು ಮೀಟರು ಇಪ್ಪತ್ತು.
ಕೋಣೆ ಇರುವುದೇ ನಾಲ್ಕು.
'ಆರು ಅಂದರೆ ಅಂಗಳಕ್ಕೆ ಹೋಯಿತಲ್ಲ,' ಪುತ್ರನ್‌ರು ಕಿಟಕಿಯಾಚೆ ನೋಡಿದರು.
ಅಲ್ಲಿ ಬೊಂಡದ ಸಿಪ್ಪೆಯ ಪಕ್ಕ ಹಳೆಯ ಬೋಟಿನ ಫ್ಯಾನು ಬಿದ್ದಿತ್ತು,
ಹಿತ್ತಾಳೆಯದು, ಒಂದೆಲೆ ಮುರಿದದ್ದು.
ಒಳಗಿನ ಸರ್ಕೀಟು ತಡಮಾಡಿದರೆ ಯಂತ್ರ ಅದನ್ನು ದೂರ ಅಂತ ತಿಳಿಯುತ್ತದೆ,
ತಪ್ಪಲ್ಲ, ತಿದ್ದಬಾರದು ಎಂದು ವಿವರಿಸಿದೆ,
ಬಲಗಿವಿಗೆ.
'ಬಿಡು,' ಎಂದರು. 'ಅದಕ್ಕೆ ಗೊತ್ತುಂಟು.'

ಡೆಮೊಗೆ ನಮ್ಮಲ್ಲಿ ಯಾವಾಗಲೂ ಹೆಲಿಕಾಪ್ಟರ್.
ಕೋಣೆಗೆ ಒಂದು ಸುತ್ತು ಹೊಡೆಯುತ್ತದೆ.
ಎಲ್ಲ ಮನೆಗಳಲ್ಲೂ ಜನ ಕತ್ತೆತ್ತುತ್ತಾರೆ, ಆಗಲೇ ನಾನು ಬಿಲ್ಲು ತೆಗೆಯುವುದು.
ಇಲ್ಲಿ ಅದು ಬಲದಿಂದ ಎದ್ದಿತು, ಪಕಾಸಿನ ಕೆಳಗೆ ಬಂತು,
ಪುತ್ರನ್‌ರ ಮುಖದಲ್ಲಿ ಥಟ್ಟನೆ ಆರಿತು.
'ಬಿತ್ತು,' ಎಂದರು. 'ನೀರಿಗೆ.'
ಕಾದರು. ಮತ್ತೆ ಬಲದಲ್ಲಿ ಎದ್ದಾಗ
ದಡಕ್ಕೆ ಬಂದವರನ್ನು ಎಣಿಸುವವರ ಹಾಗೆ ತಲೆಯಾಡಿಸಿದರು.

ಎಡದ್ದನ್ನೆಲ್ಲ ಬಲಕ್ಕೆ ತಿರುಗಿಸಬಹುದು, ಅಂದೆ,
ಮೆನುವಿನಲ್ಲಿ ಒಂದು ದಾರಿ ಉಂಟು.
ರಿಮೋಟು ಹಿಡಿದ ನನ್ನ ಕೈಯನ್ನು ಮೆಲ್ಲಗೆ ಒತ್ತಿ ಇಳಿಸಿದರು.
'ಬೇಡ. ಆ ಬದಿ ಇವಳದ್ದು.'

ಅಕ್ಕ ಸೂಡಿ ಗೋಡೆಗೆ ಒರಗಿಸಿ ಅವರ ಎಡಕ್ಕೆ ಬಂದು ಕೂತರು.
ಎರಡನೆಯ ಸಲ ಹಾಕಿದೆ.
ಅದು ನೀರಿಗೆ ಬೀಳುವ ಜಾಗದಲ್ಲಿ ಅವರ ತೋರುಬೆರಳು ಎದ್ದಿತು,
ಮೀನಿನ ಲೆಕ್ಕಕ್ಕೂ ಜಗಳಕ್ಕೂ ಏಳುವ ಅದೇ ಬೆರಳು,
ಕಿಟಕಿ, ಕ್ಯಾಲೆಂಡರು, ಬಾಗಿಲ ಮೂಲೆ, ನಿಧಾನ ಜರುಗಿತು.
ಅವರು ಬೆರಳನ್ನೇ ನೋಡುತ್ತ ಕತ್ತು ತಿರುಗಿಸಿದರು.
ಬರಿಗಾಲು ವೂಫರಿನ ಮೇಲಿತ್ತು,
ಹಲಗೆಯ ಮೇಲೆ ಊರಿದ ಹಾಗೆ.

ಬಿಲ್ಲು ಜೇಬಿನಲ್ಲೇ ಇತ್ತು.
'ಇನ್ನೊಮ್ಮೆ ಹಾಕು,' ಎಂದರು ಅಕ್ಕ.